ಸ್ವಂತಕ್ಕೊಂದು ವಿದ್ಯುತ್ ಹಾರುಬಂಡಿ: ಇಳಿಯುವ ದಾರಿ ನೋಡಿ ಆರಿಸಿ

2011ರ ಅಕ್ಟೋಬರ್ 21ರಂದು ಜರ್ಮನಿಯ ಒಂದು ಬಯಲಿನಲ್ಲಿ ಥಾಮಸ್ ಸೆಂಕೆಲ್ ಎಂಬವರು ಹದಿನಾರು ಪ್ರೊಪೆಲರ್‌ಗಳ ನಡುವೆ ಕುಳಿತು, ಒಂದೂವರೆ ನಿಮಿಷ ಗಾಳಿಯಲ್ಲಿ ನಿಂತು, ಕೆಳಗಿಳಿದರು. ಬ್ಯಾಟರಿಯಿಂದ ನಡೆಯುವ ಬಹುರೋಟರ್ (ಮೇಲಕ್ಕೆತ್ತುವ ಹಲವು ಪ್ರೊಪೆಲರ್‌ಗಳ) ಯಂತ್ರವೊಂದು ಮನುಷ್ಯನನ್ನು ಹೊತ್ತು ಏರಿದ ಮೊದಲ ಹಾರಾಟ ಅದು. ಆ ಚಿತ್ರ ನೋಡುವಾಗ ನನ್ನ ಕಣ್ಣು ಪ್ರತಿ ಸಲವೂ ಹೋಗಿ ನಿಲ್ಲುವುದು ಆಸನದ ಕೆಳಗೆ ಕಟ್ಟಿರುವ ದೊಡ್ಡ ಚೆಂಡಿನ ಮೇಲೆ. ಗಾಳಿ ತುಂಬಿದ, ವ್ಯಾಯಾಮಕ್ಕೆ ಬಳಸುವ ಸಾಮಾನ್ಯ ಚೆಂಡು. ಆ ಯಂತ್ರಕ್ಕೆ ಚಕ್ರವೂ ಅದೇ, ಸ್ಪ್ರಿಂಗೂ ಅದೇ.

ಆಮೇಲಿನ ವರ್ಷಗಳಲ್ಲಿ ಚೆಂಡು ಮಾಯವಾಯಿತು. ಅದರ ಜಾಗಕ್ಕೆ ಕಾರ್ಬನ್ ಫೈಬರಿನ ನುಣುಪು ಮೈ ಬಂತು, ಜಾಹೀರಾತಿಗೆ ಸೂರ್ಯಾಸ್ತ ಬಂತು. ಇಂಥ ಹಾರುಬಂಡಿ ಕೊಳ್ಳಲು ಹೊರಟವರು ಕೇಳುವುದು ಎಷ್ಟು ವೇಗ, ಎಷ್ಟು ಎತ್ತರ, ಪರವಾನಗಿ ಬೇಕೇ ಎಂದು. ಈ ಯಂತ್ರಗಳನ್ನು ವರ್ಷಗಟ್ಟಲೆ ಆಸೆಗಣ್ಣಿನಿಂದ ನೋಡುತ್ತ, ಅವುಗಳ ವಿವರಪಟ್ಟಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವನು ನಾನು. ಅಷ್ಟೆಲ್ಲ ಆದ ಮೇಲೆ ನನ್ನ ಕೈಯಲ್ಲಿ ಉಳಿದಿರುವುದು ಚೆಂಡು ಕಟ್ಟಿದವರ ಪ್ರಶ್ನೆಯೇ: ಇದು ಇಳಿಯುವುದು ಹೇಗೆ? ಎಲ್ಲವೂ ಸರಿಯಿದ್ದಾಗ ಹೇಗೆ, ಒಂದು ಮೋಟಾರು ಕೈಕೊಟ್ಟಾಗ ಹೇಗೆ, ವಿದ್ಯುತ್ತೇ ಹೋದಾಗ ಹೇಗೆ? ಈ ಮೂರಕ್ಕೂ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧಕ್ಕರ್ಧ ಯಂತ್ರಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಆಯ್ಕೆಗಳು ಎಷ್ಟಿವೆ ಎಂದು ಮೊದಲು ನೋಡೋಣ. ರೆಕ್ಕೆಯಿಲ್ಲದೆ ಬರೀ ರೋಟರ್‌ಗಳ ಮೇಲೆ ನಿಲ್ಲುವ ಒಂಟಿ ಆಸನದ ಯಂತ್ರಗಳು ಒಂದು ಬಗೆ. ಜೆಟ್ಸನ್ ಒನ್, ರೈಸ್ ರೀಕಾನ್, ಲಿಫ್ಟ್ ಹೆಕ್ಸಾ ಈ ಗುಂಪಿನವು. ನೆಟ್ಟಗೆ ಏರಿ ಆಮೇಲೆ ರೆಕ್ಕೆಯ ಮೇಲೆ ಹಾರುವ ಪಿವೋಟಲ್ ಕಂಪನಿಯ ಹೆಲಿಕ್ಸ್ ಇನ್ನೊಂದು ಬಗೆ. ರಸ್ತೆಗೂ ಆಕಾಶಕ್ಕೂ ಒಂದೇ ವಾಹನ ಎನ್ನುವ ಕಾರುಗಳು ಮೂರನೆಯವು. ಇವುಗಳ ಗದ್ದಲದಲ್ಲಿ ಯಾರೂ ತಿರುಗಿ ನೋಡದ ಹಳೆಯ ಮಾದರಿಯ ವಿದ್ಯುತ್ ವಿಮಾನ ಮತ್ತು ಬೆನ್ನಿಗೆ ಕಟ್ಟಿಕೊಳ್ಳುವ ವಿದ್ಯುತ್ ಪ್ಯಾರಾಮೋಟಾರ್ ನಾಲ್ಕನೆಯವು. ಕೊಳ್ಳದೆ, ಟಿಕೆಟ್ ಪಡೆದು ಹತ್ತುವ ಏರ್ ಟ್ಯಾಕ್ಸಿ ಐದನೆಯದು.

ನಿಂತಲ್ಲೇ ನಿಲ್ಲುವುದರ ಬೆಲೆ

ಮಾದರಿಗಳ ಹೆಸರಿಗೆ ಹೋಗುವ ಮೊದಲು ಸ್ವಲ್ಪ ಲೆಕ್ಕ. ಬೇಸರವೆನಿಸಿದರೂ ಇದನ್ನು ದಾಟಿ ಹೋಗಬೇಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಸವಾರ ಮತ್ತು ಯಂತ್ರ ಸೇರಿ 200 ಕೆ.ಜಿ. ಎನ್ನಿ. ರೋಟರ್‌ಗಳು ಬೀಸುವ ಒಟ್ಟು ವಿಸ್ತೀರ್ಣ 4 ಚದರ ಮೀಟರ್ ಎನ್ನಿ. ಇಷ್ಟು ತೂಕವನ್ನು ಗಾಳಿಯಲ್ಲಿ ಅಲುಗಾಡದೆ ಹಿಡಿದಿಡಲು ಭೌತಶಾಸ್ತ್ರ ಕೇಳುವ ಕನಿಷ್ಠ ಸುಂಕವೇ ಸುಮಾರು 28 ಕಿಲೋವ್ಯಾಟ್. ಮೋಟಾರು, ರೋಟರ್, ತಂತಿಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಅದು 40 ದಾಟುತ್ತದೆ. ಅದೇ 200 ಕೆ.ಜಿ.ಯನ್ನು ಒಂದು ಸಾಧಾರಣ ರೆಕ್ಕೆಯ ಮೇಲೆ ಕೂರಿಸಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಯ್ದರೆ, ಎಲ್ಲ ಸೋರಿಕೆ ಸೇರಿಯೂ 8 ಕಿಲೋವ್ಯಾಟ್ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಐದರಲ್ಲೊಂದು ಪಾಲು. ರೆಕ್ಕೆ ಇರುವ ಯಂತ್ರ ಗಾಳಿಗೆ ಒರಗಿಕೊಂಡು ಹೋಗುತ್ತದೆ. ರೆಕ್ಕೆ ಇಲ್ಲದ್ದು ಉದ್ದಕ್ಕೂ ದಂಡ ತೆರುತ್ತಲೇ ಇರಬೇಕು.

ಈಗ ಬ್ಯಾಟರಿಗೆ ಬನ್ನಿ. 40 ಕಿಲೋವ್ಯಾಟ್‌ನಂತೆ ಇಪ್ಪತ್ತು ನಿಮಿಷ ನಿಲ್ಲಲು 13 ಕಿಲೋವ್ಯಾಟ್ ಗಂಟೆಗೂ ಹೆಚ್ಚು ವಿದ್ಯುತ್ ಬೇಕು. ಹಾರಾಟಕ್ಕೆ ತಕ್ಕ ಬ್ಯಾಟರಿ ಪೆಟ್ಟಿಗೆ ಕೆ.ಜಿ.ಗೆ ಸುಮಾರು 200 ವ್ಯಾಟ್ ಗಂಟೆ ಹಿಡಿದರೆ ಬ್ಯಾಟರಿಯ ತೂಕವೇ 65 ಕೆ.ಜಿ. ದಾಟಿತು. ಇನ್ನೊಂದು ಬ್ಯಾಟರಿ ಹೇರಿದರೆ ಆಯಿತಲ್ಲ ಎನ್ನಬಹುದು. ಆಗ ಆ ಬ್ಯಾಟರಿಯನ್ನು ಎತ್ತಲೂ ವಿದ್ಯುತ್ ಬೇಕು, ಮತ್ತು ತೂಕ ಹೆಚ್ಚಿದಷ್ಟಕ್ಕಿಂತ ಬೇಗನೆ ಬೇಡಿಕೆ ಹೆಚ್ಚುತ್ತದೆ. ಒಂಟಿ ಆಸನದ ಹಾರುಬಂಡಿಗಳೆಲ್ಲ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಬಂದು ನಿಂತಿರುವುದು ಈ ಕಾರಣಕ್ಕೆ. ತಯಾರಕರು ಸೋಮಾರಿಗಳಾಗಿ ಹಾಗಾಗಿಲ್ಲ.

ಇಪ್ಪತ್ತು ನಿಮಿಷ ಎಂದು ಬರೆದಿದ್ದರೂ ನಿಮ್ಮ ಕೈಗೆ ಸಿಗುವುದು ಅಷ್ಟಲ್ಲ. ನನ್ನ ಬಳಿ ಒಂದು ಸಣ್ಣ ಕ್ಯಾಮೆರಾ ಡ್ರೋನ್ ಇದೆ. ಒಮ್ಮೆ ಅದನ್ನು ಗಾಳಿ ಬೀಸುವ ದಿಕ್ಕಿಗೇ ಹಾರಿಸಿ ಖುಷಿಪಟ್ಟಿದ್ದೆ; ತಿರುಗಿಸುವಾಗ ಪರದೆಯಲ್ಲಿ ಬ್ಯಾಟರಿ ಶೇ. 55 ತೋರಿಸುತ್ತಿತ್ತು. ಬಂದ ದಾರಿಯೇ ಆದ್ದರಿಂದ ಸಾಕೆಂದು ಲೆಕ್ಕ ಹಾಕಿದೆ. ಎದುರುಗಾಳಿಗೆ ಸಿಕ್ಕ ಡ್ರೋನ್ ಮೂಗು ಬಗ್ಗಿಸಿಕೊಂಡು ಗುರುಗುಟ್ಟುತ್ತಿತ್ತು, ಕೆಳಗಿನ ನೆಲ ಮಾತ್ರ ಸರಿಯುತ್ತಲೇ ಇರಲಿಲ್ಲ. ಶೇ. 30, 22, 15. ಕೊನೆಗೆ ಅದು ನನ್ನ ಮಾತು ಕೇಳುವುದನ್ನು ಬಿಟ್ಟು, ಯಾರದೋ ಬೇಲಿಯಾಚೆ ಮುಳ್ಳಿನ ಪೊದೆಯೊಳಗೆ ತಾನಾಗಿಯೇ ಇಳಿಯಿತು. ಅದರೊಳಗೆ ಮನುಷ್ಯ ಇರಲಿಲ್ಲವಲ್ಲ ಎಂಬುದಷ್ಟೇ ಸಮಾಧಾನ. ಅಂದಿನಿಂದ ಯಾವುದೇ ವಿವರಪಟ್ಟಿಯಲ್ಲಿ ಹಾರಾಟದ ನಿಮಿಷಗಳನ್ನು ಕಂಡರೂ ಮೂರನೇ ಒಂದು ಪಾಲನ್ನು ಮನಸ್ಸಿನಲ್ಲೇ ಕಳೆದುಬಿಡುತ್ತೇನೆ.

ಕಳೆಯಲು ಇನ್ನೊಂದು ಕಾರಣವೂ ಇದೆ. ಬ್ಯಾಟರಿ ಖಾಲಿಯಾಗುತ್ತ ಬಂದಂತೆ ಅದರ ವೋಲ್ಟೇಜ್ ಕುಸಿಯುತ್ತದೆ, ಒಮ್ಮೆಗೇ ದೊಡ್ಡ ಶಕ್ತಿ ಕೊಡುವ ತಾಕತ್ತೂ ಕುಗ್ಗುತ್ತದೆ. ನೆಟ್ಟಗೆ ಇಳಿಯುವ ಯಂತ್ರಕ್ಕೆ ಹೆಚ್ಚು ಶಕ್ತಿ ಬೇಕಾಗುವ ಗಳಿಗೆಯೂ ಅದೇ, ಹಾರಾಟದ ಕೊನೆ. ಪೆಟ್ರೋಲ್ ವಾಹನದ ಟ್ಯಾಂಕಿನ ಕೊನೆಯ ಲೀಟರ್ ಮೊದಲ ಲೀಟರಿನಷ್ಟೇ ಗಟ್ಟಿ. ಬ್ಯಾಟರಿಯ ಕೊನೆಯ ಐದನೇ ಪಾಲನ್ನು ಹಾಗೆ ನಂಬುವಂತಿಲ್ಲ. ಚಳಿಯಲ್ಲಂತೂ ಇನ್ನೂ ಕಡಿಮೆ.

ಬರೀ ರೋಟರ್‌ಗಳ ಬಗೆ

ಜೆಟ್ಸನ್ ಒನ್ ನೋಡಲು ರೇಸಿನ ಬಂಡಿಯ ಎಲುಬುಗೂಡಿನಂತಿದೆ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ನಾಲ್ಕು ತೋಳು, ಒಂದೊಂದು ತೋಳಿಗೆ ಮೇಲೊಂದು ಕೆಳಗೊಂದು ಮೋಟಾರು, ಒಟ್ಟು ಎಂಟು. ಸ್ವೀಡನ್ನಿನಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಯಾದ ಕಂಪನಿ ಇದನ್ನು ಕಟ್ಟುತ್ತದೆ. ವೇಗವನ್ನು ಸಾಫ್ಟ್‌ವೇರೇ ಗಂಟೆಗೆ 102 ಕಿ.ಮೀ.ಗೆ ಕಟ್ಟಿಹಾಕಿದೆ. ಇಪ್ಪತ್ತು ನಿಮಿಷದ ಹಾರಾಟ ಎನ್ನುತ್ತಾರೆ, ಸವಾರ 85 ಕೆ.ಜಿ. ಇದ್ದರೆ; 95 ಕೆ.ಜಿ. ಮೀರಿದವರನ್ನು ಹತ್ತಿಸುವುದಿಲ್ಲ. ಎಷ್ಟು ಜನ ಹತ್ತಿದರೂ ಪುಷ್ಪಕ ವಿಮಾನದಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತು ಎಂದು ಕೇಳಿ ಬೆಳೆದವರಿಗೆ ಇದು ಸ್ವಲ್ಪ ಮುಖಭಂಗವೇ.

ರೀಕಾನ್ ಅಮೆರಿಕದ ಒಹಾಯೊ ರಾಜ್ಯದ್ದು. ಆರು ರೋಟರ್, ಆರಕ್ಕೂ ಬೇರೆ ಬೇರೆ ಬ್ಯಾಟರಿ, ಬೇಕೆಂದಾಗ ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು. ದೊಡ್ಡ ಜಮೀನಿನಲ್ಲಿ ಬೇಲಿ, ಬೆಳೆ, ದನ ನೋಡಿಕೊಂಡು ಬರುವ ರೈತರನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಯಂತ್ರ. ಚೆಂದದ ವಿಷಯದಲ್ಲಿ ಜೆಟ್ಸನ್ ಮುಂದು. ಕೆಲಸಕ್ಕೆ ಯಾವುದು ಎಂದರೆ ನಾನು ರೀಕಾನ್ ಕಡೆಗೆ ವಾಲುತ್ತೇನೆ, ಬ್ಯಾಟರಿ ಬದಲಿಸುವ ಆ ಒಂದು ಗುಣಕ್ಕಾಗಿ. ಚಾರ್ಜ್ ಆಗುವವರೆಗೆ ನೆರಳಿನಲ್ಲಿ ಕೂರುವ ಕೆಲಸ ತಪ್ಪುತ್ತದೆ, ಮತ್ತು ಹಳೆಯದಾದ ಬ್ಯಾಟರಿಯನ್ನು ಒಂದೊಂದಾಗಿ ಬದಲಿಸಬಹುದು.

ಹದಿನೆಂಟು ಮೋಟಾರುಗಳ ಹೆಕ್ಸಾವನ್ನು ಈ ಸಾಲಿನಲ್ಲಿ ನಿಲ್ಲಿಸಿದರೂ ಅದನ್ನು ಮನೆಗೆ ಒಯ್ಯುವ ಮಾತಿಲ್ಲ. ತರಬೇತಿ ಪಡೆದು, ಹಣ ಕೊಟ್ಟು, ಹತ್ತು ಹದಿನೈದು ನಿಮಿಷ ಹಾರಿ ಬರುವ ವ್ಯವಸ್ಥೆ ಅದರದ್ದು. ಇದನ್ನು ಕಡೆಗಣಿಸಬೇಡಿ. ಹಾರುವ ಹುಚ್ಚು ನಿಜವಾಗಿ ಹಿಡಿದಿದೆಯೇ, ಜಾಹೀರಾತು ಹಿಡಿಸಿದ ಜ್ವರವೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ರೆಕ್ಕೆಯಿಲ್ಲದ ಈ ಬಂಡಿಗಳು ಇಳಿಯುವಾಗ ಕಲಿಯಬೇಕಾದ ಒಂದು ವಿಷಯವಿದೆ. ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ತಾನೇ ತಳ್ಳಿದ ಗಾಳಿಯೊಳಕ್ಕೆ ತಾನೇ ನೆಟ್ಟಗೆ, ಬೇಗ ಬೇಗ ಇಳಿದರೆ ಸುತ್ತ ಸುಳಿಯೊಂದು ಕಟ್ಟಿಕೊಂಡು ರೋಟರ್‌ನ ಹಿಡಿತ ತಪ್ಪುತ್ತದೆ. ಎಷ್ಟು ಶಕ್ತಿ ಕೊಟ್ಟರೂ ಯಂತ್ರ ಕುಸಿಯುತ್ತಲೇ ಹೋಗುತ್ತದೆ. ಹೆಲಿಕಾಪ್ಟರ್ ಪೈಲಟ್‌ಗಳು ಮೊದಲ ಪಾಠಗಳಲ್ಲೇ ಕಲಿಯುವ ಭಯ ಇದು. ಹಾರುಬಂಡಿಗಳಲ್ಲಿ ಸಾಫ್ಟ್‌ವೇರ್ ಇಳಿಯುವ ವೇಗಕ್ಕೆ ಮೂಗುದಾರ ಹಾಕಿರುತ್ತದೆ. ಅಂದರೆ ಐವತ್ತು ಮೀಟರ್ ಮೇಲಿದ್ದಾಗ ಬ್ಯಾಟರಿ ಎಚ್ಚರಿಕೆ ಕೂಗಿದರೆ ಕಲ್ಲಿನಂತೆ ಇಳಿದುಬಿಡುತ್ತೇನೆ ಎನ್ನುವಂತಿಲ್ಲ. ಇಳಿಯಲಿಕ್ಕೂ ಸಮಯ ಬೇಕು, ಆ ಸಮಯಕ್ಕೂ ವಿದ್ಯುತ್ ಬೇಕು.

ಹೊಟ್ಟೆಯ ಮೇಲೆ ಕೂರುವ ಹೆಲಿಕ್ಸ್

ನನ್ನ ಮೆಚ್ಚಿನದು ಇದೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಕ್ಷಪಾತ ಕಂಡರೆ ಕ್ಷಮೆಯಿರಲಿ. ಕೆನಡಾದ ಮಾರ್ಕಸ್ ಲೆಂಗ್ ಎಂಬ ಎಂಜಿನಿಯರ್ 2011ರಲ್ಲೇ ಇದರ ಮೂಲಯಂತ್ರದಲ್ಲಿ ತಾವೇ ಕುಳಿತು ಹಾರಿದ್ದರು. ಸೆಂಕೆಲ್ ಚೆಂಡಿನ ಮೇಲೆ ಹಾರಿದ ವರ್ಷವೇ. ಅದು ಬೆಳೆದು ಬ್ಲ್ಯಾಕ್‌ಫ್ಲೈ ಆಯಿತು, ಓಪನರ್ ಎಂಬ ಕಂಪನಿ ಪಿವೋಟಲ್ ಆಯಿತು, 2024ರ ಜನವರಿಯಲ್ಲಿ ಹೆಲಿಕ್ಸ್‌ಗೆ ಮುಂಗಡ ತೆಗೆದುಕೊಳ್ಳುವುದು ಶುರುವಾಯಿತು.

ಇದರ ಜಾಣ್ಮೆ ಒಂದು ವಿಚಿತ್ರ ಸೋಮಾರಿತನದಲ್ಲಿದೆ. ನೆಟ್ಟಗೆ ಏರಿ ಆಮೇಲೆ ಮುಂದಕ್ಕೆ ಹಾರುವ ಬೇರೆ ಯಂತ್ರಗಳಲ್ಲಿ ಮೋಟಾರನ್ನೋ ರೆಕ್ಕೆಯನ್ನೋ ತಿರುಗಿಸುವ ಕೀಲುಗಳಿರುತ್ತವೆ. ಹೆಲಿಕ್ಸ್‌ನಲ್ಲಿ ಅಂಥ ಕೀಲೇ ಇಲ್ಲ. ಮುಂದೊಂದು ಹಿಂದೊಂದು ರೆಕ್ಕೆ, ಒಂದೊಂದರ ಮೇಲೆ ನಾಲ್ಕು ಪ್ರೊಪೆಲರ್, ಎಲ್ಲವೂ ಬಿಗಿಯಾಗಿ ಕೂತವು. ನೆಲದ ಮೇಲೆ ಅದು ಗುಂಡಗಿನ ಹೊಟ್ಟೆಯ ಮೇಲೆ ಒರಗಿರುತ್ತದೆ. ಮೋಟಾರುಗಳು ಚಾಲೂ ಆದಾಗ ಇಡೀ ಯಂತ್ರ ತೂಗುಕುರ್ಚಿಯಂತೆ ಹಿಂದಕ್ಕೆ ವಾಲಿ, ಸವಾರನ ಮುಖ ಆಕಾಶಕ್ಕೆ ತಿರುಗಿ, ಹಾಗೆಯೇ ಮೇಲೇಳುತ್ತದೆ. ಸಾಕಷ್ಟು ಎತ್ತರ ಸಿಕ್ಕ ಮೇಲೆ ಮೂಗು ಕೆಳಗೆ ಬಂದು ರೆಕ್ಕೆಗಳು ಭಾರ ಹೊರುತ್ತವೆ. ಇಳಿಯುವಾಗ ಮತ್ತೆ ಹಿಂದಕ್ಕೆ ವಾಲಿ, ಹೊಟ್ಟೆ ನೆಲಕ್ಕೆ ತಾಗಿ, ಒಮ್ಮೆ ತೂಗಿ ನಿಲ್ಲುತ್ತದೆ. ಸೆಂಕೆಲ್ ಅವರ ಚೆಂಡು ಇಲ್ಲಿ ಹೊಟ್ಟೆಯ ರೂಪದಲ್ಲಿ ಮರಳಿ ಬಂದಂತೆ ನನಗೆ ಕಾಣುತ್ತದೆ. ಅಗತ್ಯ ಬಿದ್ದರೆ ನೀರಿನ ಮೇಲೂ ತೇಲುತ್ತದೆ.

ರೆಕ್ಕೆ ಇದ್ದೂ ಅದರ ದೂರ 32 ಕಿ.ಮೀ. ಮಾತ್ರವೇ ಎಂದು ಹುಬ್ಬೇರಿಸುವವರಿದ್ದಾರೆ. ಆ ಅಂಕಿ ತುರ್ತಿಗೆ ಎತ್ತಿಟ್ಟ ಬ್ಯಾಟರಿಯನ್ನು ಬಿಟ್ಟು ಹೇಳಿದ್ದು ಎಂಬುದನ್ನು ಗಮನಿಸಿ. ರೆಕ್ಕೆ ಉಳಿಸಿದ ವಿದ್ಯುತ್ತನ್ನು ಅವರು ಸಣ್ಣ ಬ್ಯಾಟರಿ ಹಾಕಿ ತೂಕ ಇಳಿಸಲು ಬಳಸಿದ್ದಾರೆ. ತೂಕಕ್ಕೆ ಕಾನೂನಿನ ಕತ್ತರಿ ಇದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಕೊರತೆಗಳೂ ಇವೆ. ಜೆಟ್ಸನ್‌ಗಿಂತ ದುಬಾರಿ. ತರಬೇತಿಗೆಂದು ಎರಡು ವಾರದ ಹತ್ತಿರ ಹತ್ತಿರ ಎತ್ತಿಡಬೇಕು. ನಿಂತಲ್ಲೇ ಗಿರಕಿ ಹೊಡೆದು ಆಟವಾಡುವ ಮಜಾ ಬೇಕೆಂದರೆ ಇದು ಅದಕ್ಕಲ್ಲ, ಅಲ್ಲಿ ಜೆಟ್ಸನ್‌ಗೆ ಸಾಟಿಯಿಲ್ಲ.

ವಿದ್ಯುತ್ ಹೋದರೆ

ಮಾರಾಟಗಾರರ ಬಳಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು, ಒಂದು ಮೋಟಾರು ನಿಂತರೆ ಉಳಿದವು ಸಂಭಾಳಿಸುತ್ತವೆ. ಇದು ನಿಜ, ಮತ್ತು ಬಹುರೋಟರ್ ಯಂತ್ರಗಳ ದೊಡ್ಡ ಬಲವೂ ಹೌದು. ಆದರೆ ಮೋಟಾರು ಎಂಟಿದ್ದರೂ ಬ್ಯಾಟರಿ, ತಂತಿ, ಕಂಪ್ಯೂಟರ್ ಎಷ್ಟಿವೆ ಎಂದು ಬಿಡದೆ ಕೇಳಿ. ಎಂಟು ಎತ್ತುಗಳಿಗೆ ಒಂದೇ ನೊಗ ಕಟ್ಟಿದ್ದರೆ ನೊಗ ಮುರಿದ ದಿನ ಎಂಟೂ ನಿಲ್ಲುತ್ತವೆ.

ಎರಡನೆಯ ಉತ್ತರ ಪ್ಯಾರಾಚೂಟ್. ಜೆಟ್ಸನ್, ಹೆಲಿಕ್ಸ್ ಎರಡರಲ್ಲೂ ಇಡೀ ಯಂತ್ರವನ್ನು ಹೊತ್ತು ಇಳಿಸುವ, ಸಣ್ಣ ಸಿಡಿತದ ಬಲದಿಂದ ಹೊರಚಿಮ್ಮುವ ಪ್ಯಾರಾಚೂಟ್ ಇದೆ. ಅದು ಅರಳಲು ಎತ್ತರ ಬೇಕು. ನೂರು ಮೀಟರ್ ಮೇಲೆ ಅದು ಜೀವ ಉಳಿಸಬಹುದು. ಐದು ಮೀಟರಿನಲ್ಲಿ ಬಿದ್ದರೆ ಯಂತ್ರದ ಚೌಕಟ್ಟೇ ಪೆಟ್ಟು ನುಂಗಬಹುದು. ನಡುವಿನ ಪಟ್ಟಿಯೇ ಅಪಾಯದ್ದು: ಬಿದ್ದರೆ ಪೆಟ್ಟು ದೊಡ್ಡದು, ಪ್ಯಾರಾಚೂಟ್ ಅರಳಲು ಎತ್ತರ ಸಾಲದು. ರೆಕ್ಕೆಯಿಲ್ಲದ ಬಂಡಿಯಲ್ಲಿ ಜನ ಸಾಮಾನ್ಯವಾಗಿ ಹಾರಾಡುವುದು ಮರದ ತುದಿಯ ಎತ್ತರದಲ್ಲಿ, ಆ ಪಟ್ಟಿಯಲ್ಲಿಯೇ. ಹೆಲಿಕಾಪ್ಟರಿನಂತೆ ಎಂಜಿನ್ ನಿಂತರೂ ರೋಟರ್ ಬೀಸಿಕೊಂಡು ಇಳಿಯುವ ಉಪಾಯ ಇಲ್ಲಿಲ್ಲ, ಏಕೆಂದರೆ ಈ ಪುಟ್ಟ ರೋಟರ್‌ಗಳಲ್ಲಿ ಅದಕ್ಕೆ ಬೇಕಾದ ಜಡತ್ವವಾಗಲಿ, ಅಲಗಿನ ಕೋನ ಬದಲಿಸುವ ಸೌಲಭ್ಯವಾಗಲಿ ಇಲ್ಲ.

ಹೀಗಾಗಿ ತಯಾರಕರನ್ನು ಒಂದೇ ಪ್ರಶ್ನೆ ಕೇಳಲು ಅವಕಾಶ ಸಿಕ್ಕರೆ ಇದನ್ನು ಕೇಳಿ: ಪ್ಯಾರಾಚೂಟ್ ಕೆಲಸ ಮಾಡುವ ಕನಿಷ್ಠ ಎತ್ತರ ಎಷ್ಟು, ಅದನ್ನು ಬರಹದಲ್ಲಿ ಕೊಡುತ್ತೀರಾ? ಉತ್ತರ ತಡವರಿಸಿದರೆ ಚೆಕ್ ಪುಸ್ತಕ ಮುಚ್ಚಿ.

ಪರವಾನಗಿ ಬೇಡ ಎಂಬುದರ ಅರ್ಥ

ಈ ಒಂಟಿ ಆಸನದ ಬಂಡಿಗಳೆಲ್ಲ ಅಮೆರಿಕದ 1982ರ ಒಂದು ನಿಯಮದ ಅಚ್ಚಿನಲ್ಲಿ ಎರಕ ಹೊಯ್ದಂಥವು. ವಿಮಾನಯಾನ ನಿಯಮಗಳ 103ನೆಯ ಭಾಗ ಎಂದು ಅದಕ್ಕೆ ಹೆಸರು. ಒಬ್ಬರೇ ಕೂರುವ, ಖಾಲಿ ತೂಕ 254 ಪೌಂಡ್, ಅಂದರೆ ಸುಮಾರು 115 ಕೆ.ಜಿ.ಗಿಂತ ಕಡಿಮೆ ಇರುವ, 55 ನಾಟ್ ವೇಗ ಮೀರದ ಯಂತ್ರಕ್ಕೆ ನೋಂದಣಿ ಬೇಡ, ಪೈಲಟ್ ಪರವಾನಗಿ ಬೇಡ ಎಂದು ಅದು ಹೇಳುತ್ತದೆ. 55 ನಾಟ್ ಎಂದರೆ ಗಂಟೆಗೆ 102 ಕಿ.ಮೀ. ಜೆಟ್ಸನ್‌ನ ವೇಗ ಅಲ್ಲಿಗೇ ಏಕೆ ನಿಂತಿತು ಎಂಬುದು ಈಗ ತಿಳಿಯಿತಲ್ಲ. ಪ್ಯಾರಾಚೂಟ್‌ನಂಥ ಸುರಕ್ಷತಾ ಸಾಧನ ಮತ್ತು ನೀರಿನ ಮೇಲೆ ತೇಲಿಸುವ ಭಾಗದ ತೂಕವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ವಿನಾಯಿತಿಯೂ ಅಲ್ಲಿದೆ. 348 ಪೌಂಡ್ ತೂಗುವ ಹೆಲಿಕ್ಸ್ ಈ ನಿಯಮದೊಳಗೆ ನುಸುಳಿದ್ದು ಆ ಕಿಟಕಿಯಿಂದ.

ಜಾಹೀರಾತು ಇಲ್ಲಿಗೆ ನಿಲ್ಲಿಸುತ್ತದೆ, ನಿಯಮ ನಿಲ್ಲಿಸುವುದಿಲ್ಲ. ಹಾರಾಟ ಮೋಜಿಗೆ, ಕ್ರೀಡೆಗೆ ಮಾತ್ರ ಇರಬೇಕು. ಜನವಸತಿ ದಟ್ಟವಾಗಿರುವ ಊರಿನ ಮೇಲೆ, ಬಯಲಲ್ಲಿ ಸೇರಿದ ಜನರ ಮೇಲೆ ಹಾರುವಂತಿಲ್ಲ. ಹಗಲಲ್ಲೇ ಹಾರಬೇಕು, ನೆಲ ಕಣ್ಣಿಗೆ ಕಾಣುತ್ತಿರಬೇಕು, ಎದುರಾಗುವ ಪ್ರತಿ ವಿಮಾನಕ್ಕೂ ದಾರಿ ಬಿಡಬೇಕು. ಮನೆಯ ತಾರಸಿಯಿಂದ ಹಾರಿ ಕಚೇರಿಯ ತಾರಸಿಗೆ ಇಳಿಯುವ ಕನಸನ್ನು ಪರವಾನಗಿ ಕೇಳದ ಈ ನಿಯಮವೇ ಮೊದಲು ಕೊಲ್ಲುತ್ತದೆ. ಬೇರೆ ದೇಶಗಳಲ್ಲಿ ನಿಯಮ ಬೇರೆ. ಒಂದೆಡೆ ತರಬೇತಿ ಪತ್ರ ಸಾಕು, ಇನ್ನೊಂದೆಡೆ ಈ ವರ್ಗಕ್ಕೆ ಹೆಸರೇ ಇಲ್ಲ. ಮುಂಗಡಕ್ಕೆ ಮೊದಲು ನೀವಿರುವ ದೇಶದ ವಿಮಾನಯಾನ ನಿಯಂತ್ರಕರಿಗೆ ಬರೆದು, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ.

ಅಮೆರಿಕದಲ್ಲಿ 2025ರ ಜುಲೈನಲ್ಲಿ ಹಗುರ ಕ್ರೀಡಾ ವಿಮಾನಗಳ ನಿಯಮವನ್ನು ಸಡಿಲಿಸಿದರು. ನೆಟ್ಟಗೆ ಏರುವ ಯಂತ್ರಗಳೂ 2026ರ ಜುಲೈನಿಂದ ಆ ವರ್ಗದಲ್ಲಿ ಬರಬಹುದು. ಇದರಿಂದ ಎರಡು ಆಸನದ, ಇನ್ನಷ್ಟು ಬ್ಯಾಟರಿ ಹೊತ್ತ ಯಂತ್ರಗಳಿಗೆ ಬಾಗಿಲು ತೆರೆಯುತ್ತದೆ. ತಾಳ್ಮೆಯಿದ್ದವರು ಕಾಯಲು ಇದೊಂದು ಒಳ್ಳೆಯ ಕಾರಣ.

ಕಾರೂ ಹೌದು, ವಿಮಾನವೂ ಹೌದು

ಈ ಬಗೆಗೆ ನನ್ನ ಸಹನೆ ಕಡಿಮೆ. ಕಾರಿಗೆ ಗಟ್ಟಿ ಬಂಪರ್, ಅಗಲ ಟೈರು, ಡಿಕ್ಕಿ ತಾಳುವ ಮೈ ಬೇಕು, ಅಂದರೆ ತೂಕ ಬೇಕು. ಹಾರುವುದಕ್ಕೆ ತೂಕವೇ ವೈರಿ. ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು. ಕ್ಯಾಲಿಫೋರ್ನಿಯದ ಅಲೆಫ್ ಕಂಪನಿಯ ಮಾಡೆಲ್ ಎ ಕಾರಿನ ಮೇಲ್ಮೈ ಜಾಲರಿಯಂತಿದ್ದು ಅದರೊಳಗೆ ರೋಟರ್‌ಗಳಿವೆ. ಏರಿದ ಮೇಲೆ ಇಡೀ ಕಾರು ಮಗ್ಗುಲಿಗೆ ಹೊರಳಿ, ಅದರ ಎರಡು ಪಕ್ಕಗಳೇ ರೆಕ್ಕೆಗಳಾಗುತ್ತವೆ ಎಂಬುದು ಯೋಜನೆ. ಕಲ್ಪನೆಗೆ ತಲೆದೂಗಲೇಬೇಕು. 2023ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಅದಕ್ಕೆ ಕೊಟ್ಟ ವಿಶೇಷ ಪ್ರಮಾಣಪತ್ರ ಪ್ರಯೋಗ, ಪ್ರದರ್ಶನಗಳಿಗೆ ಸೀಮಿತವಾದದ್ದು. ಅದನ್ನೇ ಮಾರಾಟದ ಒಪ್ಪಿಗೆ ಎಂದು ಓದಿಕೊಂಡವರು ಬಹಳ. ಇನ್ನು ರಸ್ತೆಯಲ್ಲಿ ಅದು ನಿಧಾನಗತಿಯ ವಾಹನಗಳ ವರ್ಗದ್ದು, ಗಂಟೆಗೆ 40 ಕಿ.ಮೀ. ಆಸುಪಾಸು.

ಚೀನಾದ ಎಕ್ಸ್‌ಪೆಂಗ್ ಬಳಗದ ದಾರಿ ನನಗೆ ಹೆಚ್ಚು ಹಿಡಿಸಿದೆ. ಆರು ಚಕ್ರದ ವ್ಯಾನಿನ ಹಿಂಬದಿಯಲ್ಲಿ ಎರಡು ಆಸನದ ಹಾರುಯಂತ್ರವನ್ನು ಮಡಚಿ ಇಟ್ಟಿದ್ದಾರೆ. ರಸ್ತೆಯ ಕೆಲಸ ವ್ಯಾನಿನದು, ಆಕಾಶದ ಕೆಲಸ ಯಂತ್ರದ್ದು. ವ್ಯಾನೇ ಅದಕ್ಕೆ ಚಾರ್ಜನ್ನೂ ಕೊಡುತ್ತದೆ. ಸಂಸಾರ ಬೇರೆಯಾದರೆ ಜಗಳ ಕಡಿಮೆ ಎನ್ನುವ ಹಾಗೆ. ಆದರೆ 2025ರ ಸೆಪ್ಟೆಂಬರಿನಲ್ಲಿ ಚಾಂಗ್‌ಚುನ್ ನಗರದ ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಇಂಥ ಎರಡು ಯಂತ್ರಗಳು ಒಂದಕ್ಕೊಂದು ತಾಗಿ, ಒಂದು ಇಳಿಯುವಾಗ ಬೆಂಕಿ ಹತ್ತಿಕೊಂಡಿತು. ಆಕಾಶ ವಿಶಾಲವಾದದ್ದು ಎಂದು ಹೇಳುವವರಿಗೆ ಇದನ್ನು ನೆನಪಿಸುತ್ತೇನೆ. ಎರಡೇ ಯಂತ್ರ ಸಾಕಾಯಿತು.

ಯಾರೂ ಕೇಳದ ಎರಡು

2020ರ ಜೂನ್‌ನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಪೂರ್ಣ ವಿದ್ಯುತ್ ವಿಮಾನವೊಂದಕ್ಕೆ ಮೊದಲ ಬಾರಿ ಮಾದರಿ ಪ್ರಮಾಣಪತ್ರ (ಆ ವಿನ್ಯಾಸ ಹಾರಾಟಕ್ಕೆ ಸುರಕ್ಷಿತ ಎಂಬ ಅಧಿಕೃತ ಒಪ್ಪಿಗೆ) ಕೊಟ್ಟಿತು. ಸ್ಲೊವೇನಿಯದ ಪಿಪಿಸ್ಟ್ರೆಲ್ ಕಟ್ಟಿದ ವೆಲಿಸ್ ಎಲೆಕ್ಟ್ರೋ ಅದು. ಉದ್ದ ರೆಕ್ಕೆ, ಮೂಗಿನಲ್ಲಿ ಒಂದೇ ಪ್ರೊಪೆಲರ್, ಎರಡು ಆಸನ. ನೋಡಿದರೆ ಹೊಸತೇನೂ ಕಾಣದು. ಮೀಸಲು ಬಿಟ್ಟು ಸುಮಾರು 50 ನಿಮಿಷ ಹಾರುತ್ತದೆ. ಮೋಟಾರು ನಿಂತರೆ ಬಿದ್ದುಬಿಡುವುದಿಲ್ಲ, ತೇಲುತ್ತ ದೂರ ಸಾಗುತ್ತದೆ, ಹೊಲ ಹುಡುಕಲು ಪೈಲಟ್‌ಗೆ ನಿಮಿಷಗಳು ಸಿಗುತ್ತವೆ. ನನ್ನ ಮೂರು ಪ್ರಶ್ನೆಗಳಿಗೆ ಇಷ್ಟು ನೆಮ್ಮದಿಯ ಉತ್ತರ ಕೊಡುವ ವಿದ್ಯುತ್ ಯಂತ್ರ ಇನ್ನೊಂದಿಲ್ಲ. ರನ್‌ವೇ ಬೇಕು, ಪೈಲಟ್ ಪರವಾನಗಿ ಬೇಕು. ಅಲ್ಲಿಗೆ ಮುಕ್ಕಾಲು ಪಾಲು ಆಸಕ್ತರು ಎದ್ದು ಹೋಗುತ್ತಾರೆ.

ಇನ್ನೊಂದು ವಿದ್ಯುತ್ ಪ್ಯಾರಾಮೋಟಾರ್. ಬೆನ್ನಿಗೊಂದು ಮೋಟಾರು, ಬ್ಯಾಟರಿ, ಪಂಜರದೊಳಗೆ ಪ್ರೊಪೆಲರ್. ತಲೆಯ ಮೇಲೆ ಬಟ್ಟೆಯ ರೆಕ್ಕೆ. ಓಡಿ ನೆಲ ಬಿಡಬೇಕು, ಓಡುತ್ತಲೇ ನೆಲ ಮುಟ್ಟಬೇಕು. ಮೋಟಾರು ಕೈಕೊಟ್ಟರೆ ನೀವು ಆಗಲೇ ಪ್ಯಾರಾಗ್ಲೈಡರಿನಲ್ಲಿದ್ದೀರಿ. ಹಾರುಬಂಡಿಗಳ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ, ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ. ಮಂಡಿ ಗಟ್ಟಿಯಿರಬೇಕು, ಗಾಳಿಯ ಓದು ಬರಬೇಕು, ಮತ್ತು ನೆರೆಯವರ ಎದುರು ಬೀಗುವಂಥ ವಸ್ತು ಇದಲ್ಲ. ಹಾರುವ ಸುಖವೊಂದೇ ಗುರಿಯಾದರೆ ನಾನು ಮೊದಲು ತೋರಿಸುವುದು ಇದನ್ನೇ.

ಕೊಳ್ಳದೇ ಹಾರುವುದು

ಎರಡು ಊರುಗಳ ನಡುವೆ ಬೇಗ ಹೋಗಬೇಕು ಎಂಬುದು ನಿಮ್ಮ ಅಗತ್ಯವಾದರೆ ಸ್ವಂತ ಬಂಡಿಯ ಯೋಚನೆ ಬಿಡಿ. ಆ ಕೆಲಸಕ್ಕೆ ತಯಾರಾಗುತ್ತಿರುವುದು ಏರ್ ಟ್ಯಾಕ್ಸಿ. ಅಮೆರಿಕದ ಜೋಬಿ ಕಂಪನಿಯ ಯಂತ್ರದಲ್ಲಿ ಒಬ್ಬ ಪೈಲಟ್, ನಾಲ್ವರು ಪ್ರಯಾಣಿಕರು. ಗಂಟೆಗೆ 320 ಕಿ.ಮೀ. ವೇಗದ ಗುರಿ, ರೆಕ್ಕೆಯೂ ಇದೆ. ಚೀನಾದ ಈಹ್ಯಾಂಗ್ ಕಂಪನಿಯ ಹದಿನಾರು ರೋಟರ್‌ಗಳ ಎರಡು ಆಸನದ ಯಂತ್ರದಲ್ಲಿ ಪೈಲಟ್ಟೇ ಇಲ್ಲ; 2023ರ ಅಕ್ಟೋಬರಿನಲ್ಲಿ ಆ ದೇಶದ ನಿಯಂತ್ರಕರು ಅದಕ್ಕೆ ಮಾದರಿ ಪ್ರಮಾಣಪತ್ರ ಕೊಟ್ಟರು.

ಈ ಕ್ಷೇತ್ರದಲ್ಲಿ ಹಣ ಹೇಗೆ ಕರಗುತ್ತದೆ ಎಂಬುದನ್ನು ಮುಂಗಡ ಕೊಡುವವರು ನೋಡಿಟ್ಟುಕೊಳ್ಳಬೇಕು. ಗೂಗಲ್ ಸ್ಥಾಪಕ ಲ್ಯಾರಿ ಪೇಜ್ ಹಣ ಹಾಕಿದ್ದ ಕಿಟಿ ಹಾಕ್ 2022ರಲ್ಲಿ ಬಾಗಿಲು ಮುಚ್ಚಿತು. ಜರ್ಮನಿಯ ಲಿಲಿಯಂ 2024ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕಿತು, ಚೇತರಿಸಿಕೊಳ್ಳುವ ಪ್ರಯತ್ನ ಫಲಿಸದೆ 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ. ಸೆಂಕೆಲ್ ಅವರ ಚೆಂಡಿನ ಯಂತ್ರದಿಂದ ಬೆಳೆದ ವೊಲೊಕಾಪ್ಟರ್ ಕಂಪನಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಯಾಣಿಕರನ್ನು ಹಾರಿಸುವ ಆಸೆ ಕೈಗೂಡದೆ, 2024ರ ಡಿಸೆಂಬರಿನಲ್ಲಿ ಅದೇ ಹಾದಿ ಹಿಡಿಯಿತು. ಆಮೇಲೆ ಬೇರೆಯವರ ಪಾಲಾಯಿತು. ಯಂತ್ರಗಳು ಹಾರುತ್ತಿದ್ದವು, ಲೆಕ್ಕಪುಸ್ತಕ ಹಾರಲಿಲ್ಲ. ಹಾಗಾಗಿ ಮುಂಗಡ ಯಾವ ಖಾತೆಯಲ್ಲಿರುತ್ತದೆ, ಯಾವ ದಿನದವರೆಗೆ ಮರಳಿ ಕೇಳಬಹುದು, ಕಂಪನಿ ಮುಚ್ಚಿದರೆ ಬ್ಯಾಟರಿ ಮತ್ತು ಸಾಫ್ಟ್‌ವೇರ್ ಯಾರು ಕೊಡುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಸಾಫ್ಟ್‌ವೇರ್ ಇಲ್ಲದ ಹಾರುಬಂಡಿ ವರಾಂಡದ ಶಿಲ್ಪವಷ್ಟೇ.

ಹಾಗಾದರೆ ಯಾವುದು?

ವಿಶಾಲವಾದ ಬಯಲು, ಹತ್ತಿರ ಕೆರೆಯೋ ಸರೋವರವೋ, ಕೈತುಂಬ ಹಣ ಇರುವವರಿಗೆ ಹೆಲಿಕ್ಸ್ ಎನ್ನುತ್ತೇನೆ. ದೊಡ್ಡ ಜಮೀನಿನ ಒಳಗೇ ಓಡಾಡುವವರಿಗೆ ರೀಕಾನ್. ಗೋಕಾರ್ಟ್ ಓಡಿಸಿದ ಖುಷಿಯನ್ನು ಗಾಳಿಯಲ್ಲಿ ಹುಡುಕುವವರು, ಅಪಾಯದ ಪಟ್ಟಿಯನ್ನು ಅರಿತು ನೆಲಕ್ಕೆ ತೀರಾ ಹತ್ತಿರವೋ ಸಾಕಷ್ಟು ಮೇಲೆಯೋ ಹಾರುವ ಶಿಸ್ತುಳ್ಳವರು ಜೆಟ್ಸನ್ ತೆಗೆದುಕೊಳ್ಳಬಹುದು. ಜೊತೆಗೊಬ್ಬರು ಬೇಕೇ ಬೇಕು ಎಂದರೆ ಪರವಾನಗಿ ಪಡೆದು ವಿದ್ಯುತ್ ವಿಮಾನ. ನನ್ನ ಜೇಬು ಹೇಳುವುದು ಪ್ಯಾರಾಮೋಟಾರ್.

ಕಾದರೆ ಏನು ಸಿಗುತ್ತದೆ? ಅದೇ ತೂಕದಲ್ಲಿ ಎರಡು ಪಟ್ಟು ವಿದ್ಯುತ್ ಹಿಡಿಯುವ ಬ್ಯಾಟರಿ ಬಂದರೆ ಇಪ್ಪತ್ತು ನಿಮಿಷ ನಲವತ್ತಾಗುತ್ತದೆ, ಮೀಸಲು ಕಳೆದು ಉಳಿಯುವ ಪಾಲು ಅದಕ್ಕಿಂತ ಹೆಚ್ಚಾಗುತ್ತದೆ. ಅಪಾಯದ ಪಟ್ಟಿ ಮಾತ್ರ ಅದರಿಂದ ಕಿರಿದಾಗುವುದಿಲ್ಲ; ಬ್ಯಾಟರಿ ಎಷ್ಟೇ ಸುಧಾರಿಸಿದರೂ ಪ್ಯಾರಾಚೂಟ್ ಅರಳಲು ಎತ್ತರ ಬೇಕೇ ಬೇಕು. ಗದ್ದಲವೂ ತೀರಾ ಇಳಿಯುವುದಿಲ್ಲ, ಏಕೆಂದರೆ ಸದ್ದು ಬರುವುದು ಮೋಟಾರಿನಿಂದಲ್ಲ, ಗಾಳಿ ಸೀಳುವ ಅಲಗಿನಿಂದ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಯಾವ ಬಂಡಿಯೇ ಇರಲಿ, ಮುಂಗಡ ಕಟ್ಟುವ ಮೊದಲು ಬೂಟು, ಹೆಲ್ಮೆಟ್, ದಪ್ಪ ಜಾಕೆಟ್ ತೊಟ್ಟು, ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. ಮುಳ್ಳು ಆ ಬಂಡಿಯ ತೂಕದ ಮಿತಿಯ, ಜೆಟ್ಸನ್ ಆದರೆ 95 ಕೆ.ಜಿ.ಯ, ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ. ಈ ಇಡೀ ಹೋಲಿಕೆ ನಿಮಗೆ ಬೇಕೇ ಎಂಬುದು ಅಲ್ಲೇ ತೀರ್ಮಾನವಾದರೂ ಆದೀತು.